ಯಾರ ಬೆನ್ನಿನ ಮೇಲೆ?

"ಯಾರ ಬೆನ್ನಿನ ಮೇಲೆ ಟೀಚರೇ?"

ಗುರುವಾರದಿಂದ ಈ ಪ್ರಶ್ನೆ ನನ್ನ ಕಿವಿಯಲ್ಲೇ ಕುಳಿತಿದೆ. ಪಾತ್ರೆ ತೊಳೆಯುವಾಗ ಕೇಳುತ್ತದೆ, ಒಣಗದ ಬಟ್ಟೆ ತಿರುವಿ ಹಾಕುವಾಗ ಕೇಳುತ್ತದೆ. ನಿನ್ನೆ ದೇವರಿಗೆ ದೀಪ ಹಚ್ಚುತ್ತಿದ್ದವಳು ಅದೇ ನೆನಪಾಗಿ ಒಬ್ಬಳೇ ನಕ್ಕೆ. ಮನೆಯವರು ಪತ್ರಿಕೆ ಕೆಳಗಿಟ್ಟು ನೋಡಿದರು.

ಕಾಸರಗೋಡಿನ ಪೆರ್ಲದಿಂದ ಒಳಗಿನ ಒಂದು ಅಂಗನವಾಡಿಯಲ್ಲಿ ಸ್ತನ್ಯಪಾನ ಸಪ್ತಾಹದ ಸಭೆ. ಕರೆದದ್ದು ಆಶಾ ಕಾರ್ಯಕರ್ತೆ, ನನ್ನ ಕೈಯಲ್ಲಿ ಕಾಗುಣಿತ ಕಲಿತವಳು. "ಎಳೆ ಮಕ್ಕಳನ್ನು ಮಲಗಿಸುವ ಕ್ರಮವನ್ನು ಈ ಸಲ ಹೇಳಿಕೊಡಬೇಕು ಟೀಚರೇ. ಕರಪತ್ರ ನೀವೇ ಓದಿ. ನಾನು ಹೇಳಿದರೆ ನಿನಗೆಷ್ಟು ಮಕ್ಕಳು ಎಂದು ಕೇಳುತ್ತಾರೆ" ಎಂದಳು. ಅವಳಿಗೆ ಮಕ್ಕಳಿಲ್ಲ. ಅವಳು ನಗುತ್ತಲೇ ಹೇಳಿದಳು, ನನಗೆ ನಗು ಬರಲಿಲ್ಲ.

ತುಳುವರ ಆಟಿ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಸುರಿಯುತ್ತಿತ್ತು. ಬ್ಲಾಕಿನಿಂದ ಬಂದ ಅಧಿಕಾರಿ ಮಲಯಾಳದಲ್ಲಿ ಭಾಷಣ ಮಾಡಿದರು. 2020ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 28 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡರೆ ಕೇರಳದಲ್ಲಿ ಆ ಸಂಖ್ಯೆ 6 ಎಂದರು. ಹೆಮ್ಮೆಪಡಬೇಕಾದ ಮಾತೇ. ಆದರೆ ಅವರು ಅದನ್ನು ಎದುರು ಕುಳಿತ ತಾಯಂದಿರಿಗೆ ಹೇಳಿದ ರೀತಿ, ತಾವೇ ಒಂದೊಂದು ಮಗುವನ್ನೂ ಹಿಡಿದು ನಿಲ್ಲಿಸಿದ ಹಾಗಿತ್ತು. ಚಹಾ ಕುಡಿದರು, ಪಟ ತೆಗೆಸಿಕೊಂಡರು, ಜೀಪು ಹತ್ತಿದರು. ಪ್ರಶ್ನೆಗಳು ಶುರುವಾಗುವ ಮೊದಲೇ ಹೊರಡುವ ಕಲೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ.

ನಾನು ಕರಪತ್ರ ಬಿಡಿಸಿದೆ. ಒಂದು ಮಗ್ಗುಲಲ್ಲಿ ಮಲಯಾಳ, ಇನ್ನೊಂದರಲ್ಲಿ ಕನ್ನಡ. ಮೊದಲ ಸಾಲನ್ನೇ ಗಟ್ಟಿಯಾಗಿ ಓದಿದೆ: "ಶಿಶುವನ್ನು ಯಾವಾಗಲೂ ಬೆನ್ನಿನ ಮೇಲೆ ಮಲಗಿಸಿ."

ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದ ಅಕ್ಕ ಎಲೆಅಡಿಕೆಯನ್ನು ಕೆನ್ನೆಯ ಮೂಲೆಗೆ ತಳ್ಳಿ ಕೇಳಿದ್ದು ಆಗಲೇ.

"ಯಾರ ಬೆನ್ನಿನ ಮೇಲೆ ಟೀಚರೇ?"

ಒಂದು ಕ್ಷಣ ಮಳೆಯ ಸದ್ದು ಮಾತ್ರ. ಆಮೇಲೆ ಇಡೀ ಕೋಣೆ ನಕ್ಕಿತು. ಹಾಲು ಕುಡಿಯುತ್ತಿದ್ದ ಮಗುವೊಂದು ಬೆಚ್ಚಿ ಅತ್ತಿತು. ಅಕ್ಕ ಮಾತ್ರ ನಗಲಿಲ್ಲ. ಅವರು ತಮಾಷೆಗೆ ಕೇಳಿರಲಿಲ್ಲ. ಐವತ್ತು ವರ್ಷಗಳಿಂದ ಈ ಸುತ್ತಿನ ಬಾಣಂತಿಯರನ್ನೂ ಮಕ್ಕಳನ್ನೂ ಮೀಯಿಸಿದ ಕೈ ಅವರದು. ನನ್ನ ಮಗನನ್ನೂ ಮೀಯಿಸಿದ್ದಾರೆ. ಬೆನ್ನಿನ ಮೇಲೆ ಎಂದರೆ ಅವರಿಗೆ ಕಾಣುವುದು ಸೊಪ್ಪಿನ ಹೊರೆ, ಅಕ್ಕಿಯ ಮೂಟೆ, ಆನೆ ಆಡುವ ಮೊಮ್ಮಗ. ನನಗೂ ಓದುವಾಗ ನಾಲಿಗೆ ಎಡವಿತ್ತು, ನಿಜ ಹೇಳುತ್ತೇನೆ. ಆದರೆ ಅಚ್ಚಾದದ್ದನ್ನು ಕಂಡರೆ ತಲೆಬಾಗುವ ಅಭ್ಯಾಸ ನಮ್ಮಂಥವರಿಗೆ.

ಇಂಗ್ಲಿಷಿನ 'ಆನ್ ದ ಬ್ಯಾಕ್' ಎಂಬುದನ್ನು ಯಾರೋ ಕುಳಿತಲ್ಲೇ ಹಾಗೆ ಇಳಿಸಿದ್ದರು. ಪಕ್ಕದ ಮಲಯಾಳದಲ್ಲಿ 'ಮಲರ್ತ್ತಿ ಕಿಡತ್ತುಕ' ಎಂದು ಚೊಕ್ಕವಾಗಿಯೇ ಇದೆ. ಮಲರುವುದೆಂದರೆ ಅವರಲ್ಲಿ ಹೂ ಅರಳುವುದೂ ಹೌದು, ಮುಖ ಮೇಲಾಗಿ ಮಲಗುವುದೂ ಹೌದು. ನಮ್ಮಲ್ಲೂ ಮಾತಿಗೆ ಬಡತನವಿಲ್ಲವಲ್ಲ. ಅಂಗಾತ. ಮೂರೇ ಅಕ್ಷರ, ಯಾರಿಗೂ ಅನುಮಾನ ಬಾರದ ಮಾತು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮ ಊರಿಗೆ ಬರುವ ಸರಕಾರಿ ಕಾಗದಗಳಲ್ಲಿ ಕನ್ನಡ ಇರಬೇಕೆಂದು ಜಗಳವಾಡಿ ಸುಸ್ತಾದವರು ನಾವು. ಇದ್ದರೆ ಸಾಲದು, ಅದು ಕನ್ನಡವೂ ಆಗಿರಬೇಕು ಎಂದು ಕೇಳುವಷ್ಟು ಉಸಿರು ಉಳಿದಿಲ್ಲ.

"ಅಂಗಾತ ಮಲಗಿಸಬೇಕು ಅಕ್ಕ" ಎಂದೆ.

"ಅದನ್ನು ಹಾಗೆ ಬರೆಯಬೇಕಿತ್ತು" ಎಂದರು. ಆಮೇಲೆ ಅಂಗನವಾಡಿಯ ಒಂದು ಕೈ ಇಲ್ಲದ ಪ್ಲಾಸ್ಟಿಕ್ ಗೊಂಬೆಯನ್ನು ಎಳೆದುಕೊಂಡು, ಚಾಚಿದ ಕಾಲಿನ ಮೇಲೆ ಕವುಚಿ ಹಾಕಿ ಬೆನ್ನು ತಿಕ್ಕಿದರು, ತಿರುಗಿಸಿ ಎದೆ ತಿಕ್ಕಿದರು, ಕೊನೆಗೆ ನೆಲದ ಮೇಲೆ ಅಂಗಾತ ಇಟ್ಟರು. "ಮೀಯಿಸುವಾಗ ಕವುಚಿ, ಮಲಗಿಸುವಾಗ ಅಂಗಾತ. ಇದಕ್ಕೆ ಕಾಗದ ಬೇಕೇ?"

ಅಲ್ಲಿಗೆ ಅಧಿಕಾರಿಯ ಅರ್ಧ ಗಂಟೆಯ ಭಾಷಣ ಮುಗಿದ ಹಾಗಾಯಿತು.

ಉಳಿದದ್ದು ಅಷ್ಟು ಸುಲಭವಾಗಿರಲಿಲ್ಲ. ಹಾಲು ಕಕ್ಕಿದರೆ ಅಂಗಾತ ಮಲಗಿದ ಮಗುವಿನ ಗಂಟಲಿಗೆ ಸಿಕ್ಕುವುದಿಲ್ಲವೇ ಎಂದು ಒಬ್ಬಳು ಕೇಳಿದಳು. ಆಶಾ ಹುಡುಗಿ ತನ್ನ ಕತ್ತಿನ ಮೇಲೆಯೇ ಬೆರಳಿಟ್ಟು ತೋರಿಸಿದಳು: ಉಸಿರಿನ ಕೊಳವೆ ಮುಂದೆ, ಅನ್ನದ ಕೊಳವೆ ಹಿಂದೆ. ಅಂಗಾತ ಮಲಗಿದಾಗ ಉಸಿರಿನದ್ದು ಮೇಲಾಗುತ್ತದೆ, ಕಕ್ಕಿದ್ದು ಅಷ್ಟು ಸುಲಭವಾಗಿ ಮೇಲಕ್ಕೆ ಹತ್ತುವುದಿಲ್ಲ. ಕವುಚಿದರೆ ಇದು ತಲೆಕೆಳಗು. ಜೊತೆಗೆ ಮೂಗು ಹಾಸಿಗೆಗೆ ಒತ್ತಿ, ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಎಚ್ಚರವಾಗಿ ತಲೆ ತಿರುಗಿಸುವ ಶಕ್ತಿ ಎಳೆಗೂಸಿಗೆ ಇರುವುದಿಲ್ಲ. ಮಗು ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳುವ, ತೊಟ್ಟಿಲ ಸಾವು ಎಂದು ಇಂಗ್ಲಿಷರು ಕರೆಯುವ ಸಾವುಗಳಲ್ಲಿ ಹೆಚ್ಚಿನವು ಆರು ತಿಂಗಳ ಒಳಗಿನವು, ಅದರಲ್ಲೂ ಎರಡರಿಂದ ನಾಲ್ಕು ತಿಂಗಳ ನಡುವಿನವು. ಅವಳು ಚೆನ್ನಾಗಿ ಹೇಳಿದಳು. ನಾನು ಓದುವ ಅಗತ್ಯವೇ ಇರಲಿಲ್ಲ.

ದಿಂಬಿನ ಮಾತು ಬಂದಾಗ ಮಾತ್ರ ಅಕ್ಕ ಕೆರಳಿದರು. ತಲೆ ದುಂಡಗಾಗಲು ಸಾಸಿವೆಯ ದಿಂಬು ಬೇಡವಂತೆ, ಮೆತ್ತನೆಯ ಹಾಸಿಗೆ ಬೇಡವಂತೆ, ಸಾಂಬ್ರಾಣಿಯ ಹೊಗೆ ಬೇಡವಂತೆ, ಮುಖದವರೆಗೆ ಹೊದಿಸಬಾರದಂತೆ, ಮಲಗಿರುವಾಗ ಮನೆಯೊಳಗೆ ಕುಲಾವಿಯೂ ಬೇಡವಂತೆ. "ಆಟಿಯ ಚಳಿಯಲ್ಲಿ ಮಗುವನ್ನು ಬೋಳಾಗಿ ಬಿಡಬೇಕೇ?" ಬಿಡುವುದಲ್ಲ, ನಾವು ಹಾಕಿಕೊಳ್ಳುವುದಕ್ಕಿಂತ ಒಂದು ಪದರ ಹೆಚ್ಚು ಸಾಕು, ಮೈ ಅತಿಯಾಗಿ ಬಿಸಿಯಾಗುವುದೂ ಅಪಾಯವೇ ಎಂದಳು ಹುಡುಗಿ. ತಲೆ ಚಪ್ಪಟೆಯಾಗದಿರಲು ಎಚ್ಚರವಿರುವಾಗ, ಕಣ್ಣೆದುರೇ, ಸ್ವಲ್ಪ ಹೊತ್ತು ಕವುಚಿ ಹಾಕಿ ಆಡಿಸಬೇಕು ಎಂದಳು. ಸೀರೆಯ ತೊಟ್ಟಿಲಿನಲ್ಲಿ ಗಲ್ಲ ಎದೆಗೆ ಒತ್ತಿ ಉಸಿರು ಕಟ್ಟಬಹುದು, ನಿದ್ದೆ ಹತ್ತಿದ ಮೇಲೆ ಚಾಪೆಗೆ ಇಳಿಸಿ ಎಂದದ್ದಕ್ಕೆ ಅಕ್ಕ ಉತ್ತರಿಸಲೇ ಇಲ್ಲ, ಹೊರಗೆ ಹೋಗಿ ಉಗುಳಿ ಬಂದರು.

ಎರಡು ತಿಂಗಳ ಕೂಸನ್ನು ಎತ್ತಿಕೊಂಡಿದ್ದ ಒಬ್ಬಳು ಮೆಲ್ಲನೆ ಹೇಳಿದಳು: "ಕರಪತ್ರದಲ್ಲಿ ಮಗುವಿಗೆ ಬೇರೆ ಮಂಚ ಎಂದಿದೆ. ನಮಗೇ ಮಂಚವಿಲ್ಲ. ಒಂದೇ ಕೋಣೆ, ನಾಲ್ಕು ಜನ." ಅದೇ ಒಳ್ಳೆಯದು ಎಂದು ಆಶಾ ಹುಡುಗಿ ಅವಳ ಪಕ್ಕ ಹೋಗಿ ಕುಳಿತಳು. ಕೋಣೆ ಒಂದೇ ಇರಲಿ, ಗಟ್ಟಿ ಚಾಪೆಯೂ ಇರಲಿ. ಮಗುವಿನ ಚಾಪೆ ಕೈಗೆ ಸಿಗುವಷ್ಟು ದೂರದಲ್ಲಿ ಬೇರೆಯಾಗಿರಲಿ, ಇಬ್ಬರ ನಡುವೆ ಮಾತ್ರ ಬೇಡ. ಬೀಡಿ ಸೇದುವವರು ಆ ಕೋಣೆಯಲ್ಲಿ ಸೇದಬಾರದು. ಕುಡಿದು ಬಂದವರ ಪಕ್ಕ ಮಗುವನ್ನು ಮಲಗಿಸಲೇಬಾರದು.

ಕೊನೆಯ ಮಾತಿಗೆ ಹೆಂಗಸರೆಲ್ಲ ನೆಲ ನೋಡಿದರು. ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದ ಇಬ್ಬರು ಗಂಡಸರು ಮಳೆ ನೋಡಿದರು. "ಹಾಗಾದರೆ ಕುಡಿದವರಿಗೆ ಜಗಲಿಯಲ್ಲಿ ಚಾಪೆ ಹಾಕೋಣ" ಎಂದರು ಅಕ್ಕ. ಮತ್ತೆ ನಗು. ಈ ಸಲ ಎರಡು ತಿಂಗಳ ಕೂಸಿನ ತಾಯಿ ನಗಲಿಲ್ಲ.

ಅಕ್ಕನ ಹಟವನ್ನು ಅಜ್ಞಾನ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ. ಏನೂ ಆಗುವುದಿಲ್ಲ ಎಂದು ಹೇಳಿದವರೂ ಓದಿದವರೇ, ಅವರೂ ಜೀಪಿನಲ್ಲೇ ಬಂದಿದ್ದರು. ಸುಪ್ರೀಂ ಕೋರ್ಟು ಆ ವಿಷವನ್ನೇ ದೇಶವಿಡೀ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಅಕ್ಕ ಎಂಥೆಂಥ ಮಕ್ಕಳನ್ನು ಕಾಲಿನ ಮೇಲೆ ಹಾಕಿಕೊಂಡು ಮೀಯಿಸಿದ್ದಾರೆ ಎಂಬುದು ಅವರಿಗೇ ಗೊತ್ತು. ಅಂಥವರು ಒಂದು ಕರಪತ್ರಕ್ಕೆ ಎದುರು ಪ್ರಶ್ನೆ ಹಾಕದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಮತ್ತೆ, ಮಲಗಿಸುವ ವಿಷಯದಲ್ಲಿ ಓದಿದವರ ದಾಖಲೆಯೇನು ಕಡಿಮೆಯೇ? 1986ರಲ್ಲಿ ನನ್ನ ಮಗ ಹುಟ್ಟಿದಾಗ ಮುಂಬಯಿಯ ಮೈದುನ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದುಕೊಟ್ಟಿದ್ದ. ಮಗುವನ್ನು ಕವುಚಿ ಮಲಗಿಸುವುದೇ ಕ್ಷೇಮ ಎಂದಿತ್ತು ಅದರಲ್ಲಿ. ಅಮೆರಿಕದ ಹೆಸರಾಂತ ಮಕ್ಕಳ ವೈದ್ಯರೇ 1950ರ ದಶಕದಿಂದ ಹಾಗೆ ಹೇಳುತ್ತ ಬಂದಿದ್ದರು. ನಾನು ಟೀಚರು, ಇಂಗ್ಲಿಷ್ ಓದಬಲ್ಲವಳು. ಕವುಚಿ ಮಲಗಿಸಿದೆ. ನನಗೆ ತಾಯಿ ಇರಲಿಲ್ಲ, ಬಾಣಂತನ ಗಂಡನ ಮನೆಯಲ್ಲೇ. ಅತ್ತೆ ಒಂದೂ ಮಾತಾಡಲಿಲ್ಲ. ರಾತ್ರಿ ನನಗೆ ಕಣ್ಣು ಹತ್ತಿದ ಮೇಲೆ ಬಂದು ಮಗುವನ್ನು ಅಂಗಾತ ಮಾಡಿ ಹೋಗುತ್ತಿದ್ದರು. ನಾನು ಎದ್ದು ಕವುಚುತ್ತಿದ್ದೆ. ಅವರು ಮತ್ತೆ ತಿರುಗಿಸುತ್ತಿದ್ದರು. ಎರಡು ತಿಂಗಳು ಹೀಗೆ ನಡೆಯಿತು. ಹಗಲಲ್ಲಿ ನಾವಿಬ್ಬರೂ ಮೆಣಸಿನ ಸಾರಿನ ಬಗ್ಗೆ, ಬೆಂಡೆಕಾಯಿಯ ಬಗ್ಗೆ ಮಾತ್ರ ಮಾತಾಡಿದೆವು. ಓದದ ಹೆಂಗಸಿಗೆ ಏನು ಗೊತ್ತು ಎಂದು ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡೆನೋ.

ಅಮೆರಿಕದ ವೈದ್ಯರು ಮಾತು ಬದಲಿಸಿದ್ದು 1992ರಲ್ಲಿ. 1994ರಲ್ಲಿ ದೇಶವಿಡೀ ಪ್ರಚಾರ ಮಾಡಿದರು, ಕೆಲವೇ ವರ್ಷಗಳಲ್ಲಿ ಅಂಥ ಸಾವುಗಳು ಅರ್ಧಕ್ಕೆ ಇಳಿದವು. ನಾನು ಇದನ್ನು ಓದಿದ್ದು ತೀರ ಈಚೆಗೆ. ಅತ್ತೆ ಹೋಗಿ ಹನ್ನೊಂದು ವರ್ಷವಾಗಿತ್ತು.

ಸಭೆ ಮುಗಿಯುವಾಗ ಮೂರೂವರೆ. ಆಶಾ ಹುಡುಗಿಗೆ ಇನ್ನೂ ಎರಡು ಮನೆ ಬಾಕಿ. ಹೆರಿಗೆಯಾದ 3, 7, 14, 21, 28, 42ನೆಯ ದಿನಗಳಲ್ಲಿ ಅವಳು ಬಾಣಂತಿಯ ಮನೆ ಹತ್ತಬೇಕು, ಗುಡ್ಡವಾದರೂ ಸರಿ, ಆಟಿಯಾದರೂ ಸರಿ. 2025ರಲ್ಲಿ ಇವಳಂಥವರು ಗೌರವಧನ ಹೆಚ್ಚಿಸಿ ಎಂದು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ತಿಂಗಳುಗಟ್ಟಲೆ ಕುಳಿತಿದ್ದರು. ಸಾವಿರಕ್ಕೆ 6 ಎಂಬ ಆ ಅಂಕಿ ಯಾರ ಬೆನ್ನಿನ ಮೇಲೆ ನಿಂತಿದೆ ಎಂದು ಅಧಿಕಾರಿಯನ್ನು ಕೇಳಬೇಕಿತ್ತು. ಇಂಥ ಮಾತು ನನಗೆ ಯಾವಾಗಲೂ ಮನೆಗೆ ಬಂದ ಮೇಲೆಯೇ ಹೊಳೆಯುತ್ತದೆ.

ಅಕ್ಕನೂ ನಾನೂ ಬಸ್ಸಿಗೆ ಕಾಯುತ್ತ ನಿಂತೆವು. ಓದಲು ಬಾರದಿದ್ದರೂ ಅವರು ಒಂದು ಕರಪತ್ರ ಕೇಳಿ ಪಡೆದು ಎಲೆಅಡಿಕೆಯ ಚೀಲದಲ್ಲಿ ಮಡಚಿಟ್ಟುಕೊಂಡಿದ್ದರು.

"ನಿಮ್ಮ ಮಗನನ್ನು ಹೇಗೆ ಮಲಗಿಸುತ್ತಿದ್ದಿರಿ ಟೀಚರೇ?"

"ಅಂಗಾತ" ಎಂದೆ. ಯಾಕೆ ಸುಳ್ಳು ಹೇಳಿದೆನೋ.

ಅವರು ರಸ್ತೆಯ ಕಡೆಗೇ ನೋಡುತ್ತಿದ್ದರು. "ನಿಮ್ಮ ಅತ್ತೆ ಬೆಳಿಗ್ಗೆ ಎಣ್ಣೆ ಬಿಸಿ ಮಾಡುತ್ತ ಎಲ್ಲ ಹೇಳುತ್ತಿದ್ದರು. ರಾತ್ರಿ ನಿದ್ದೆ ಇಲ್ಲ ಎನ್ನುತ್ತಿದ್ದರು." ಅಷ್ಟರಲ್ಲಿ ಬಸ್ಸು ಬಂತು. ಅವರು ಕೊಡೆ ಮಡಚಿ ಹತ್ತಿದರು.

ಹಂಚಿ ಉಳಿದ ಕರಪತ್ರಗಳನ್ನು ಮನೆಗೆ ತಂದಿದ್ದೇನೆ, ಅರುವತ್ತಕ್ಕೆ ಎರಡು ಕಡಿಮೆ. ಮೊದಲ ಸಾಲಿನ 'ಬೆನ್ನಿನ ಮೇಲೆ' ಎಂಬುದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಮೇಲೆ 'ಅಂಗಾತ' ಎಂದು ಬರೆಯುತ್ತಿದ್ದೇನೆ. ಇಪ್ಪತ್ತಾರು ಆಗಿದೆ. ಸೋಮವಾರ ಆ ಹುಡುಗಿ ಬಂದು ಒಯ್ಯುತ್ತಾಳೆ.