ಹೊಲಿಗೆ ಹಾಕಿದ್ದಾರೆ, ಇನ್ನು ಪೂರ್ತಿ ಮಲಗಿಯೇ ಇರಬೇಕಾ?

"ಹೋದ ಸಲ ಏಳನೇ ತಿಂಗಳಿಗೇ ಹೆರಿಗೆ ಆಯ್ತು. ಈ ಸಲ ಗರ್ಭಕೋಶದ ಬಾಯಿ ಗಿಡ್ಡ ಇದೆ ಅಂತ ಹೊಲಿಗೆ ಹಾಕಿದ್ದಾರೆ. ಮಗಳು ಹಾಸಿಗೆ ಬಿಟ್ಟು ಏಳಲೇಬಾರದಾ?" ಬಸುರಿಯರಿಗಿಂತ ಅವರ ಅಮ್ಮಂದಿರು ನಮ್ಮನ್ನು ಹೆಚ್ಚು ಕೇಳುವ ಪ್ರಶ್ನೆಯಿದು.

ಏಳಬಹುದು, ಏಳಬೇಕು. ಮಲಗಿಸಿದರೆ ಹೆರಿಗೆ ಮುಂದಕ್ಕೆ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಾರಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಸ್ನಾಯುಗಳು ಸೊರಗುತ್ತವೆ, ಮನಸ್ಸೂ ಕುಗ್ಗುತ್ತದೆ. ಭಾರ ಎತ್ತುವುದು, ಗಂಟೆಗಟ್ಟಲೆ ನಿಲ್ಲುವುದು ಬೇಡ, ಮನೆಯೊಳಗೆ ಓಡಾಡಿಕೊಂಡಿರಲಿ. ಮಾಸು ಕೆಳಗಿದ್ದು ರಕ್ತ ಹೋಗುತ್ತಿರುವವರ ವಿಷಯ ಬೇರೆ, ಅಲ್ಲಿ ವೈದ್ಯರು ಹೇಳಿದಂತೆಯೇ ನಡೆಯಬೇಕು.

ನಿಜಕ್ಕೂ ನೆರವಾಗುವುದು ಅಳತೆ. ಹಿಂದೆ 37 ವಾರ ತುಂಬುವ ಮೊದಲೇ ಹೆತ್ತವರಿಗೆ 16ನೇ ವಾರದಿಂದ 24ರವರೆಗೆ ಎರಡು ವಾರಕ್ಕೊಮ್ಮೆ ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಉದ್ದ ನೋಡುತ್ತಾರೆ. ಇದು ಯೋನಿಯ ಮೂಲಕ ಮಾಡುವ ಸ್ಕ್ಯಾನ್. ಮಗುವಿಗೆ ಪೆಟ್ಟಾಗುತ್ತದೆಂದು ಹೆದರಿ ಬಿಡುವವರಿದ್ದಾರೆ, ಆಗುವುದಿಲ್ಲ. ಮೂತ್ರಕ್ಕೆ ಹೋಗಿ ಬಂದೇ ಮಾಡಿಸಿ, ಚೀಲ ತುಂಬಿದ್ದರೆ ಕೊರಳು ಇರುವುದಕ್ಕಿಂತ ಉದ್ದ ಕಾಣುತ್ತದೆ. 25 ಮಿ.ಮೀ.ಗಿಂತ ಕಡಿಮೆಯಿದ್ದರೆ ಹೊಲಿಗೆಯ ಮಾತು ಬರುತ್ತದೆ, ಅಥವಾ ರಾತ್ರಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಗುಳಿಗೆ, 200 ಮಿ.ಗ್ರಾಂ. ಈ ಮೆತ್ತನೆಯ ಗುಳಿಗೆಯನ್ನು ನುಂಗುವವರೇ ಬಹಳ! ಇಲ್ಲಿ ಅದನ್ನು ಯೋನಿಯೊಳಗೆ ಇಟ್ಟುಕೊಳ್ಳಬೇಕು. ನುಂಗಿದರೆ ತೂಕಡಿಕೆ ಬರುತ್ತದೆ, ಗರ್ಭಕೋಶಕ್ಕೆ ಸಿಗುವ ಅಂಶ ಕಡಿಮೆ. ಮೂತ್ರದಲ್ಲಿ ರೋಗಾಣು ಇದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಕೂಡ ಮೊದಲ ತಿಂಗಳುಗಳಲ್ಲೇ ಆಗಲಿ. ಉರಿ ಇಲ್ಲದೆಯೂ ಸೋಂಕು ಇರುತ್ತದೆ.

ಇಷ್ಟೆಲ್ಲ ಮಾಡಿದರೂ ನೋವು ಬರಬಹುದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವಾಗುವುದು, ಗಂಟೆಯಲ್ಲಿ ಆರು ಸಲ ಅಥವಾ ಹೆಚ್ಚು. ಬಿಟ್ಟು ಬಿಟ್ಟು ಬರುವ ಸೊಂಟನೋವು. ನೀರು ಅಥವಾ ರಕ್ತ ಹೋಗುವುದು. ಆಗ ಜೀರಿಗೆ ಕಷಾಯ ಕುಡಿಸಿ "ಗ್ಯಾಸ್ ಇರಬೇಕು, ಬೆಳಗಾಗಲಿ" ಎನ್ನುತ್ತಾರಲ್ಲ, ಕೈತಪ್ಪುವುದು ಆ ಒಂದು ರಾತ್ರಿಯೇ. 24ರಿಂದ 34 ವಾರದೊಳಗೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ: ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ, 12 ಗಂಟೆಗೊಂದರಂತೆ ನಾಲ್ಕು. ಮೊದಲ ಚುಚ್ಚುಮದ್ದಾಗಿ ಒಂದು ದಿನವಾದರೂ ಕಳೆದರೆ ಪೂರ್ತಿ ಫಲ. ನೋವು ತಡೆಯುವ ನಿಫೆಡಿಪಿನ್ ಕೊಂಡುಕೊಡುವುದು ಹೆಚ್ಚೆಂದರೆ ಈ ಚುಚ್ಚುಮದ್ದಿಗೆ ಬೇಕಾದ ಎರಡು ದಿನವನ್ನೇ, ತಿಂಗಳುಗಳನ್ನಲ್ಲ. 32 ವಾರಕ್ಕೂ ಮೊದಲಾದರೆ ಮಗುವಿನ ಮಿದುಳಿನ ರಕ್ಷಣೆಗೆ ಮೆಗ್ನೀಷಿಯಂ ಸಲ್ಫೇಟ್ ಸೇರುತ್ತದೆ.

ಹೊಲಿಗೆ ಇದೆಯಲ್ಲ ಎಂದು ಕಾಯಬೇಡಿ. ಹೆರಿಗೆ ನೋವಿನಲ್ಲಿ ಅದನ್ನು ಬಿಚ್ಚದಿದ್ದರೆ ಕೊರಳೇ ಹರಿಯಬಹುದು. 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಮತ್ತು ಸ್ಕ್ಯಾನ್ ವರದಿ ಹಿಡಿದು, ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಗೇ ನಡೆಯಿರಿ. ಮಗು ಹೊಟ್ಟೆಯಲ್ಲಿದ್ದಾಗಲೇ ಅಲ್ಲಿಗೆ ಮುಟ್ಟುವುದು, ಹುಟ್ಟಿದ ಮೇಲೆ ಸಾಗಿಸುವುದಕ್ಕಿಂತ ಎಷ್ಟೋ ಸುರಕ್ಷಿತ. ಬಸುರಿಗೆ ಸಕ್ಕರೆ ಕಾಯಿಲೆ ಇದ್ದರೆ ಬಾಗಿಲಲ್ಲೇ ಹೇಳಿ: ಸ್ಟೀರಾಯ್ಡ್ ಕೊಟ್ಟ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ.