ಸತ್ತ ಎಕ್ಸ್‌ಚೇಂಜ್ ಸರ್ವರ್‌ನ ಹೆಸರು ಎಲ್ಲೆಲ್ಲಿ ಉಳಿದಿರುತ್ತದೆ

ಕಚೇರಿಯ ಮೇಲ್ ನಡೆಸುವ ಎಕ್ಸ್‌ಚೇಂಜ್ ಸರ್ವರ್ ಮತ್ತೆ ಏಳದ ಹಾಗೆ ಕುಸಿದಿದ್ದರೆ, ಆಕ್ಟಿವ್ ಡೈರೆಕ್ಟರಿಯಿಂದ (ಡೊಮೇನ್‌ನ ಬಳಕೆದಾರರು, ಕಂಪ್ಯೂಟರ್‌ಗಳ ವಿವರ ಇರುವ ಕಡತ) ಅದರ ಹೆಸರು ಅಳಿಸುವ ಆತುರ ಬೇಡ. ಸರ್ವರ್‌ನ ಬಹುಪಾಲು ಸೆಟ್ಟಿಂಗ್ ಇರುವುದು ಅಲ್ಲೇ. ಅಳಿಸಿದರೆ, ಆ ಸೆಟ್ಟಿಂಗ್ ಓದಿ ಸರ್ವರನ್ನು ಮತ್ತೆ ಕಟ್ಟುವ ರಿಕವರ್‌ಸರ್ವರ್ ದಾರಿ ಮುಚ್ಚಿಹೋಗುತ್ತದೆ.

ಕಂಪ್ಯೂಟರ್ ಅಕೌಂಟನ್ನು ಡಿಲೀಟ್ ಮಾಡದೆ ರೀಸೆಟ್ ಮಾಡಿ. ಹೊಸ ಮಷೀನಿಗೆ ಅದೇ ಹೆಸರು, ಅದೇ ವಿಂಡೋಸ್ ಆವೃತ್ತಿ, ಡೇಟಾಬೇಸ್‌ಗಿದ್ದ ಅದೇ ಡ್ರೈವ್ ಅಕ್ಷರ ಕೊಟ್ಟು ಡೊಮೇನ್‌ಗೆ ಸೇರಿಸಿ. ಹಳೆಯದರಲ್ಲಿದ್ದ ಕ್ಯುಮುಲೇಟಿವ್ ಅಪ್‌ಡೇಟ್‌ನ ಸೆಟಪ್ಪನ್ನೇ ರಿಕವರ್‌ಸರ್ವರ್ ಮೋಡ್‌ನಲ್ಲಿ ಓಡಿಸಿ. ಮೇಲ್ ಒಳಬರುವ, ಹೊರಹೋಗುವ ದಾರಿಗಳಾದ ಕನೆಕ್ಟರ್‌ಗಳು ತಾವಾಗಿ ಬರುತ್ತವೆ. ಸರ್ಟಿಫಿಕೇಟ್, ವೆಬ್‌ಕಾನ್ಫಿಗ್ ಸೆಟ್ಟಿಂಗ್ ಫೈಲ್‌ನಲ್ಲಿ ಕೈಯಾರೆ ಮಾಡಿದ ತಿದ್ದುಪಡಿ, ಮೇಲ್‌ಬಾಕ್ಸ್ ಡೇಟಾ ಬರುವುದಿಲ್ಲ. ಸರ್ಟಿಫಿಕೇಟ್‌ನ ಪ್ರತಿಯಾದ ಪಿಎಫ್ಎಕ್ಸ್ ಫೈಲ್ ಬೇರೆಡೆ ಇಟ್ಟಿದ್ದವರು ಜಾಣರು. ಹಳೆ ಡಿಸ್ಕ್‌ನಿಂದ ಇಡಿಬಿ (ಮೇಲ್‌ಬಾಕ್ಸ್ ಡೇಟಾಬೇಸ್) ಫೈಲ್ ಸಿಕ್ಕಿ, ಅದು ‘ಡರ್ಟಿ ಶಟ್‌ಡೌನ್’, ಅಂದರೆ ಸರಿಯಾಗಿ ಮುಚ್ಚಿಲ್ಲ ಎಂದು ತೋರಿಸಿದರೆ ಮೊದಲು ಸಾಫ್ಟ್ ರಿಕವರಿ ಮಾಡಿ, ಅಂದರೆ ಉಳಿದ ಲಾಗ್‌ಗಳನ್ನು ಅದಕ್ಕೆ ಸೇರಿಸಿ. ರಿಪೇರ್ ಆಯ್ಕೆ ಕೆಟ್ಟ ಪುಟಗಳನ್ನು ಬಿಸಾಕುತ್ತದೆ, ಅದು ಕಟ್ಟಕಡೆಗೆ.

ಆಗಲೇ ಬೇರೆ ಹೆಸರಿನ ಸರ್ವರ್ ಹಾಕಿಯಾಗಿದ್ದರೆ ಕೆಲಸದ ಕ್ರಮ ಮುಖ್ಯ. ಬಳಕೆದಾರರ ಮೇಲ್‌ಬಾಕ್ಸ್‌ಗಳನ್ನು ಮತ್ತು ಎಕ್ಸ್‌ಚೇಂಜ್ ತನ್ನ ಕೆಲಸಕ್ಕೆ ಬಳಸುವ ಆರ್ಬಿಟ್ರೇಶನ್ ಮೇಲ್‌ಬಾಕ್ಸ್‌ಗಳನ್ನು ಮೊದಲು ಸೆಟ್-ಮೇಲ್‌ಬಾಕ್ಸ್ ಕಮಾಂಡಿನಿಂದ ಹೊಸ ಡೇಟಾಬೇಸ್‌ಗೆ ತಿರುಗಿಸಿ. ಹೀಗೆ ತಿರುಗಿಸಿದರೆ ಪೆಟ್ಟಿಗೆ ಖಾಲಿಯಾಗಿಯೇ ತೆರೆಯುತ್ತದೆ; ಹಳೆ ಮೇಲ್‌ಗಳನ್ನು ಆಮೇಲೆ ರಿಕವರಿ ಡೇಟಾಬೇಸ್‌ನಿಂದ (ಹಳೆ ಇಡಿಬಿಯನ್ನು ತೆರೆಯುವ ತಾತ್ಕಾಲಿಕ ಡೇಟಾಬೇಸ್) ತುಂಬಬೇಕು. ಇದಕ್ಕೆ ಮುಂಚೆಯೇ ಆಕ್ಟಿವ್ ಡೈರೆಕ್ಟರಿಯನ್ನು ನೇರವಾಗಿ ತಿದ್ದುವ ಎಡಿಎಸ್ಐ ಎಡಿಟ್‌ನಲ್ಲಿ ಹಳೆ ಡೇಟಾಬೇಸ್ ಅಳಿಸಿದರೆ, ಮೇಲ್‌ಬಾಕ್ಸ್ ಯಾವ ಡೇಟಾಬೇಸ್‌ನಲ್ಲಿದೆ ಎಂದು ಹೇಳುವ ಬಳಕೆದಾರರ ಹೋಮ್‌ಎಂಡಿಬಿ ಖಾಲಿಯಾಗುತ್ತದೆ. ಆಮೇಲೆ ಯಾವ ಮೇಲ್‌ಬಾಕ್ಸ್ ಮುಟ್ಟಿದರೂ ‘ಡೇಟಾಬೇಸ್ ಈಸ್ ಮ್ಯಾಂಡೇಟರಿ’ ಎಂಬ ಎಚ್ಚರಿಕೆಯೇ ಎದುರಾಗುತ್ತದೆ.

ಮುಂದೆ, ಹೊರಗೆ ಮೇಲ್ ಕಳಿಸುವ ಸೆಂಡ್ ಕನೆಕ್ಟರ್. ಅದರ ಸೋರ್ಸ್ ಸರ್ವರ್ ಪಟ್ಟಿಯಲ್ಲಿ ಹೊಸದನ್ನು ಸೇರಿಸದಿದ್ದರೆ ಒಳಗಿನ ಮೇಲ್ ಓಡಾಡುತ್ತಲೇ ಇರುತ್ತದೆ, ಹೊರಗೆ ಹೋಗಬೇಕಾದದ್ದು ಮಾತ್ರ ಕ್ಯೂನಲ್ಲಿ ಕೂರುತ್ತದೆ. ಔಟ್‌ಲುಕ್ ಹಳೆ ಹೆಸರಿನ ಸರ್ಟಿಫಿಕೇಟ್ ಕಿಟಕಿ ತೋರಿಸುತ್ತಿದ್ದರೆ ಕಾರಣ ಆಟೊಡಿಸ್ಕವರ್‌ನ ಎಸ್‌ಸಿಪಿ, ಅಂದರೆ ಔಟ್‌ಲುಕ್ ಯಾವ ವಿಳಾಸಕ್ಕೆ ಹೋಗಬೇಕೆಂದು ಆಕ್ಟಿವ್ ಡೈರೆಕ್ಟರಿಯಲ್ಲಿ ಹೇಳುವ ದಾಖಲೆ. ಡೊಮೇನ್‌ಗೆ ಸೇರಿದ ಕಂಪ್ಯೂಟರ್ ಮೊದಲು ಕೇಳುವುದು ಅದನ್ನೇ. ಹೊಸ ಸರ್ವರ್‌ನ ಎಸ್‌ಸಿಪಿಯೂ ತನ್ನ ಒಳಹೆಸರನ್ನೇ ಹೇಳುತ್ತಿರುತ್ತದೆ, ಸರ್ಟಿಫಿಕೇಟ್‌ನಲ್ಲಿರುವ ಹೆಸರಿಗೆ ಬದಲಾಯಿಸಿ. ಇವೆಲ್ಲ ಮುಗಿದ ಮೇಲೆ, ಡೊಮೇನ್ ಕಂಟ್ರೋಲರ್‌ನ ಸಿಸ್ಟಮ್ ಸ್ಟೇಟ್ ಬ್ಯಾಕಪ್ ಕೈಯಲ್ಲಿಟ್ಟುಕೊಂಡು, ಎಡಿಎಸ್ಐ ಎಡಿಟ್‌ನ ಕಾನ್ಫಿಗರೇಶನ್ ವಿಭಾಗದಲ್ಲಿ ಹಳೆ ಡೇಟಾಬೇಸ್, ಬಳಿಕ ಸರ್ವರ್ ಆಬ್ಜೆಕ್ಟ್ ಅಳಿಸಿ.

ಡಿಎನ್‌ಎಸ್‌ನ ಎ ರೆಕಾರ್ಡ್ ಎಲ್ಲರಿಗೂ ನೆನಪಾಗುತ್ತದೆ. ಮರೆಯುವುದು ಫೈರ್‌ವಾಲ್‌ನಲ್ಲಿ 25ನೇ ಪೋರ್ಟಿನ ನ್ಯಾಟ್, ಅಂದರೆ ಹೊರಗಿಂದ ಬರುವ ಮೇಲನ್ನು ಒಳಗಿನ ಸರ್ವರ್‌ಗೆ ತಿರುಗಿಸುವ ನಿಯಮ. ಜೊತೆಗೆ ಸ್ಕ್ಯಾನರ್, ಬಿಲ್ಲಿಂಗ್ ಸಾಫ್ಟ್‌ವೇರ್‌ಗಳೊಳಗೆ ಯಾರೋ ಎಂದೋ ತುಂಬಿಸಿದ ಹಳೆ ಐಪಿ. ಬೇರೆ ಹೆಸರಿನ ಹೊಸ ಸರ್ವರ್‌ಗೆ ಅದೇ ಐಪಿ ಕೊಟ್ಟರೂ ರಿಲೇಗೆ (ಇಂಥ ಸಾಧನಗಳ ಮೇಲನ್ನು ಮುಂದಕ್ಕೆ ಕಳಿಸಲು) ಬೇಕಾದ ರಿಸೀವ್ ಕನೆಕ್ಟರನ್ನು, ಅನುಮತಿಸಿದ ಐಪಿಗಳ ಸಮೇತ, ಹೊಸದಾಗಿ ಮಾಡಲೇಬೇಕು.