ಮಕ್ಕಳಿರುವ ಮನೆಗೆ ನಾಯಿ ತರುವ ಮುನ್ನ

ಮಕ್ಕಳು ನಾಯಿ ಬೇಕೆಂದು ಹಟ ಹಿಡಿದ ಕೂಡಲೇ ಮನೆಯವರು ಯಾವ ಜಾತಿಯದನ್ನು ತರಬೇಕೆಂಬ ಚರ್ಚೆಗೆ ಇಳಿಯುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಗೆ ಬರಬೇಕಾದ ವಿಚಾರ. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ, ಎಲ್ಲರಿಗಿಂತ ಚಿಕ್ಕ ಮಗುವಿನ ವಯಸ್ಸೆಷ್ಟು, ನಸುಕಿನಲ್ಲಿ ಎದ್ದು ನಾಯಿಯನ್ನು ಅಡ್ಡಾಡಿಸಿಕೊಂಡು ಬರುವವರು ಯಾರು ಎಂಬುದು ಮೊದಲು ಇತ್ಯರ್ಥವಾಗಬೇಕು. ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ಇಂದು ಐದನೆಯ ಇಯತ್ತೆಯಲ್ಲಿರುವ ಹುಡುಗ ಕಾಲೇಜಿಗೆಂದು ಊರು ಬಿಟ್ಟ ಮೇಲೂ ಅದು ತಂದೆ-ತಾಯಿಯ ಬಳಿಯೇ ಉಳಿಯುತ್ತದೆ. ಹಾಗಾಗಿ ದೊಡ್ಡವರಿಗೆ ತಮಗಾಗಿಯೂ ನಾಯಿ ಬೇಕೆನಿಸದಿದ್ದರೆ ತರದಿರುವುದೇ ಲೇಸು.

ಹುಬ್ಬಳ್ಳಿಯ ನವನಗರದಲ್ಲಿರುವ ನನ್ನ ತಂಗಿ ಈಚೆಗೆ ಫೋನ್ ಮಾಡಿ, “ಅಣ್ಣಾ, ಹುಡುಗ್ರು ಹಸ್ಕಿ ಮರೀನ ಬೇಕಂತ ಕುಂತಾವ, ಏನ್ ಮಾಡ್ಲಿ?” ಎಂದು ಕೇಳಿದಳು. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲೆಂದು ಬೆಳೆಸಿದ, ಮೈಮೇಲೆ ಎರಡು ಪದರದ ತುಪ್ಪಳವಿರುವ ನಾಯಿ ಅದು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 37-38 ಡಿಗ್ರಿ ಮುಟ್ಟುವ ನಮ್ಮೂರಲ್ಲಿ ಅದನ್ನು ಎ.ಸಿ. ಕೋಣೆಯಲ್ಲಿ ಕೂಡಿಹಾಕಿದರೆ ಓಡಾಟವಿಲ್ಲದೆ ಕಂಗೆಡುತ್ತದೆ, ಹೊರಗೆ ಓಡಿಸಿದರೆ ಸೆಕೆಗೆ ಬಳಲುತ್ತದೆ. ಪಗ್‌ನ ಪಾಡೂ ಇಂಥದ್ದೇ. 2003ರ ಹೊತ್ತಿಗೆ ಬಂದ ಹಚ್ ಎಂಬ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುತ್ತಿದ್ದ ಆ ಪುಟ್ಟ ನಾಯಿ ಮನೆಮನೆಗೂ ಬಂತು. ಆದರೆ ನಾಯಿ ತನ್ನ ಮೈಯ ಕಾವನ್ನು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರ ಮೂಲಕವೇ ಇಳಿಸಿಕೊಳ್ಳಬೇಕಾದ್ದರಿಂದ, ಮೂಗು ಚಪ್ಪಟೆಯಾಗಿ ಉಸಿರಿನ ದಾರಿಯೇ ಕಿರಿದಾಗಿರುವ ತಳಿಗಳಿಗೆ ಬೇಸಿಗೆ ಜೀವಕ್ಕೇ ಕುತ್ತು ತರಬಲ್ಲದು. ಲ್ಯಾಬ್ರಡಾರ್ ಮಕ್ಕಳೊಂದಿಗೆ ತಾಳ್ಮೆಯಿಂದಿರುತ್ತದೆ ಎಂಬ ಮಾತು ಬಹುಪಾಲು ನಿಜ. ಆದರೂ 25-35 ಕಿಲೋ ತೂಗುವ, ಮೊದಲ ಎರಡು ವರ್ಷ ತನ್ನ ಬಲವೇ ತನಗೆ ತಿಳಿಯದ ಆ ನಾಯಿ ಪ್ರೀತಿಯಿಂದ ನುಗ್ಗಿ ಬಂದಾಗ ಮೂರು ವರ್ಷದ ಕೂಸು ನೆಲಕ್ಕುರುಳುತ್ತದೆ.

ಮುಧೋಳ ನಾಯಿಯ ಬಗ್ಗೆ ನಮ್ಮ ಭಾಗದವರಿಗೆ ವಿಶೇಷ ಅಭಿಮಾನವಿದೆ, ನನಗೂ ಇದೆ. ಮುಧೋಳವನ್ನಾಳಿದ ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದು, 2005ರಲ್ಲಿ ಅಂಚೆ ಚೀಟಿಯ ಮೇಲೆ ಕಾಣಿಸಿಕೊಂಡು, ಮುಂದೆ ಸೇನೆಯ ತರಬೇತಿಗೂ ಆಯ್ಕೆಯಾದ ತಳಿ ಇದು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಹವೆ ಒಗ್ಗುತ್ತದೆ, ಕೂದಲು ಗಿಡ್ಡ, ಮನೆಯವರ ಮೇಲೆ ಅಪಾರ ನಿಷ್ಠೆ. ಆದರೆ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವುದು ಅದರ ರಕ್ತದಲ್ಲೇ ಇದೆ. ಹೊಸಬರನ್ನು ಸುಲಭವಾಗಿ ಹತ್ತಿರ ಬಿಟ್ಟುಕೊಳ್ಳದ, ಒರಟಾಗಿ ಎಳೆದಾಡಿದರೆ ಸಹಿಸದ ಸ್ವಭಾವ ಅದರದು. ಹೊಲದ ಮನೆಗೆ ಅದು ಭೂಷಣ. ಟ್ಯೂಷನ್ನಿಗೆಂದು ದಿನವೂ ಓಣಿಯ ಮಕ್ಕಳು ಬಂದುಹೋಗುವ ಪೇಟೆಯ ಮನೆಗೆ ನಾನು ಅದನ್ನು ಸೂಚಿಸಲಾರೆ.

ನಾನು ಸೂಚಿಸುವುದು, ಕೇಳಿದವರಿಗೆಲ್ಲ ಬೇಸರವಿಲ್ಲದೆ ಹೇಳುವುದು, ಒಂದೆರಡು ವರ್ಷ ತುಂಬಿದ ನಮ್ಮ ನಾಡಿನ ನಾಯಿಯನ್ನು. ಜನ ಅದನ್ನು ಕಂತ್ರಿ ಎಂದು ತಳ್ಳಿಹಾಕುವುದು ನನಗೆ ನಿಜಕ್ಕೂ ನೋವು ತರುತ್ತದೆ. ಮರಿಯನ್ನು ತಂದರೆ ಅದರ ಹಾಲುಹಲ್ಲುಗಳು ಸೂಜಿಯಷ್ಟು ಚೂಪಾಗಿರುತ್ತವೆ, ಐದಾರು ತಿಂಗಳವರೆಗೆ ಕೈಕಾಲು ಕಚ್ಚುವ ಚಟ ಬಿಡುವುದಿಲ್ಲ, ಬೆಳೆದ ಮೇಲೆ ಅದರ ಗುಣ ಎಂಥದಾಗುತ್ತದೆಂದು ಖಾತ್ರಿಯಾಗಿ ಹೇಳಲೂ ಬರುವುದಿಲ್ಲ. ಬೆಳೆದ ನಾಯಿಯ ಗಾತ್ರವೂ ಗುಣವೂ ಕಣ್ಣೆದುರಿಗೇ ಇರುತ್ತವೆ. ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಕೆಂಚಿ ಹಾಗೆ ಬಂದವಳು. ಅವಳನ್ನು ಸಾಕುತ್ತಿದ್ದವರ ಅಂಗಳಕ್ಕೆ ಮೊದಲು ಮಕ್ಕಳಿಲ್ಲದೆ, ಆಮೇಲೆ ಮಕ್ಕಳೊಂದಿಗೆ ಹೋಗಿ ಕುಳಿತು ನೋಡಿದೆವು. ಸ್ಟೀಲಿನ ತಾಟೊಂದನ್ನು ಸ್ವಲ್ಪ ದೂರದಲ್ಲಿ ಕೆಡವಿದಾಗ ಬೆಚ್ಚಿ ಹಿಂದೆ ಸರಿದಳು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಂದು ತಾಟನ್ನು ಮೂಸಿ ಬಾಲ ಆಡಿಸಿದಳು. ಬೆಚ್ಚುವುದು ತಪ್ಪಲ್ಲ, ಬೇಗ ಸಮಾಧಾನಕ್ಕೆ ಬರುತ್ತದೆಯೇ ಎಂಬುದೇ ಮುಖ್ಯ, ಏಕೆಂದರೆ ಮಕ್ಕಳ ಮನೆಯಲ್ಲಿ ತಾಟು ದಿನವೂ ಬೀಳುತ್ತದೆ. ಸಾಕಿದವರು ಅವಳ ಕಿವಿ, ಪಾದ, ಬಾಲ ಮುಟ್ಟಿದಾಗ ಮೈ ಸೆಟೆಯಲಿಲ್ಲ. ನನ್ನ ಮಗಳು ಸುಮ್ಮನೆ ಕುಳಿತಾಗ ಕೆಂಚಿಯೇ ಎದ್ದು ಅವಳ ಬಳಿಗೆ ಬಂದಳು. ಇದಕ್ಕೆ ಬದಲಾಗಿ ನಾಯಿ ಮುಖ ತಿರುಗಿಸಿದರೆ, ಪದೇ ಪದೇ ತುಟಿ ನೆಕ್ಕಿದರೆ, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸಿದರೆ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡಿದರೆ ಅದಕ್ಕೆ ಮಗುವಿನ ಸಹವಾಸ ಸಾಕಾಗಿದೆ ಎಂದು ತಿಳಿಯಬೇಕು. ಗುರುಗುಡುವುದು ಇದೆಲ್ಲ ಮೀರಿದ ಮೇಲಿನ ಮಾತು.

ಮರಿಯೇ ಬೇಕೆನ್ನುವವರು ತಾಯಿಯನ್ನು ನೋಡದೆ ತರಬಾರದು. ತಾಯಿಯನ್ನು ತೋರಿಸಲು ಹಿಂಜರಿಯುವ ಮಾರಾಟಗಾರನ ಮನೆಯಿಂದ ಬರಿಗೈಯಲ್ಲಿ ಮರಳಿ ಬನ್ನಿ. 2017ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮತ್ತು ಅದಕ್ಕೆ ಕಾರಣವೂ ಇದೆ: ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ನಡುವೆ.

ಊಟದ ವಿಷಯದಲ್ಲಿ ಒಂದು ಮಾತು. ಬರೀ ಹಾಲು-ರೊಟ್ಟಿ ನಾಯಿಗೆ ಸಾಲದು, ತತ್ತಿ ಅಥವಾ ಮಾಂಸ ಬೇಕು. ಉಳ್ಳಾಗಡ್ಡಿ ಹಾಕಿದ ಪಲ್ಯ, ಒಣದ್ರಾಕ್ಷಿ, ಚಾಕಲೇಟು ಅದಕ್ಕೆ ವಿಷ. ಮಳೆಗಾಲದಲ್ಲಿ ಉಣ್ಣಿಗಳು ಹೆಚ್ಚಾಗಿ ಅವುಗಳಿಂದ ಜ್ವರ ಬರುವುದರಿಂದ ಕಿವಿಯ ಒಳಗೂ ಬೆರಳುಗಳ ಸಂದಿಯಲ್ಲೂ ದಿನವೂ ನೋಡಬೇಕು.

ನಾಯಿ ಉಣ್ಣುವಾಗ, ಮಲಗಿದಾಗ ಮಕ್ಕಳು ಮುಟ್ಟಬಾರದು, ಕುತ್ತಿಗೆಗೆ ಜೋತುಬೀಳಬಾರದು, ಚಿಕ್ಕ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ದೊಡ್ಡವರು ಹೊರಗೆ ಹೋಗಬಾರದು. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಮುಂದೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಬೂಸ್ಟರ್ ತಪ್ಪಬಾರದು. ಮನೆಯದೇ ಇರಲಿ, ಓಣಿಯದೇ ಇರಲಿ, ನಾಯಿಯ ಹಲ್ಲೋ ಉಗುರೋ ತಾಗಿದರೆ ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚುತ್ತ ಕೂರಬಾರದು. ಬೈಯುತ್ತಾರೆಂದೋ, ನಾಯಿಯನ್ನು ಹೊರಗೆ ಹಾಕುತ್ತಾರೆಂದೋ ಹೆದರಿ ಮಕ್ಕಳು ಸಣ್ಣ ಗಾಯವನ್ನು ಮುಚ್ಚಿಡುವುದುಂಟು. ಹೇಳಿದರೆ ಯಾರೂ ಬೈಯುವುದಿಲ್ಲ, ನಾಯಿಯೂ ಎಲ್ಲಿಗೂ ಹೋಗುವುದಿಲ್ಲ ಎಂದು ನಾಯಿ ಮನೆಗೆ ಬರುವ ಮೊದಲೇ ಅವರನ್ನು ಕೂರಿಸಿಕೊಂಡು ತಿಳಿಸಿ ಹೇಳಿ.